ಕಾಡಿನಲ್ಲಿ ಸಿಕ್ಕ ಕಿತ್ತಳೆ ಬಾವುಟ: ಅದು ಯಾರ ಗುರುತು?

ಹೋದ ಮಾಗಿಯಲ್ಲಿ ನಡೆದದ್ದು. ಸಾಗರದ ಕಡೆಯ ಒಂದು ಹಳ್ಳಿ. ಹೆಸರು ಬೇಡ ಎಂದು ಊರಿನವರೇ ಹೇಳಿದ್ದಾರೆ, ಹಾಗಾಗಿ ಬರೆಯುತ್ತಿಲ್ಲ.

ಬೆಳಿಗ್ಗೆ ದರಕು ಗುಡಿಸಲು ಸೊಪ್ಪಿನ ಬೆಟ್ಟಕ್ಕೆ ಹೋದ ಹೆಂಗಸರ ಕಣ್ಣಿಗೆ ಒಂದು ವಿಚಿತ್ರ ವಸ್ತು ಬಿತ್ತು. ಮತ್ತಿ ಮರದ ಕೊಂಬೆಗೆ ಬಟ್ಟೆಯ ಒಂದು ಪೆಟ್ಟಿಗೆ ತೂಗುಹಾಕಿದ್ದರು. ಮೂರು ಮುಖ, ಒಂದೊಂದು ಮುಖವೂ ಓರೆಯಾಗಿ ಅರ್ಧ ಬಿಳಿ, ಅರ್ಧ ಕಿತ್ತಳೆ. ಮೇಲೆ 47 ಎಂಬ ಅಂಕಿ. ಪಕ್ಕದಲ್ಲಿ ದಾರ ಕಟ್ಟಿ ಇಳಿಬಿಟ್ಟ ಚಿಕ್ಕ ಪ್ಲಾಸ್ಟಿಕ್ ಚಿಮಟ, ಅದರ ಬಾಯಲ್ಲಿ ಸೂಜಿಗಳು. ಸ್ವಲ್ಪ ದೂರದ ಹಳ್ಳದ ತಿರುವಿನಲ್ಲಿ ಇನ್ನೊಂದು. ಅದರ ಮೇಲೆ 52.

ಮಧ್ಯಾಹ್ನದ ಹೊತ್ತಿಗೆ ಊರಿನ ವಾಟ್ಸಾಪ್ ಗುಂಪಿನ ತುಂಬ ಅದೇ ಫೋಟೊ. "ಸರ್ವೆ ಶುರುವಾಯ್ತು", "ಪೈಪ್‌ಲೈನ್ ಬರುತ್ತಂತೆ", "ಮತ್ತೆ ಎಬ್ಬಿಸ್ತಾರೆ". ಸಂಜೆಯೊಳಗೆ ಹುಡುಗರು ಹೋಗಿ ಕಣ್ಣಿಗೆ ಬಿದ್ದ ಬಾವುಟಗಳನ್ನೆಲ್ಲ ಕಿತ್ತು ತಂದರು.

ಮರುದಿನ ಬೆಳಿಗ್ಗೆ ಎರಡು ಬಸ್ಸುಗಳಲ್ಲಿ ನಗರದ ಹುಡುಗ ಹುಡುಗಿಯರು ಬಂದಿಳಿದರು. ಕೈಯಲ್ಲಿ ನಕ್ಷೆ, ಕೊರಳಲ್ಲಿ ದಿಕ್ಸೂಚಿ. ನಕ್ಷೆ ನೋಡಿಕೊಂಡು ಕಾಡಿನೊಳಗೆ ಓಡುವ ಆಟವಂತೆ. ಬಾವುಟ ಇರಬೇಕಾದ ಕಡೆ ಬಾವುಟವಿಲ್ಲ. ತಾವೇ ತಪ್ಪಿದ್ದೇವೆ ಎಂದುಕೊಂಡು ಹಲವರು ಇನ್ನೂ ಒಳಗೆ ಹೋದರು. ಸಂಜೆ ಏಳಾದರೂ ಇಬ್ಬರು ಬರಲಿಲ್ಲ. ಆಗ ಬ್ಯಾಟರಿ ಹಿಡಿದು ಹುಡುಕಲು ಹೊರಟವರು ಬಾವುಟ ಕಿತ್ತ ಹುಡುಗರೇ. ರಾತ್ರಿ ಒಂಬತ್ತೂವರೆಗೆ ಇಬ್ಬರೂ ಸಿಕ್ಕರು. ಒಬ್ಬಳ ಕಾಲು ಉಳುಕಿತ್ತು, ಅಷ್ಟೆ. ದೊಡ್ಡ ಅನಾಹುತ ಆಗಲಿಲ್ಲ.

ಆಟ ನಡೆಸಿದವರು "ನಾವು ಅನುಮತಿ ತಗೊಂಡಿದ್ದೆವು" ಎಂದರು. ಊರಿನವರು "ನಮಗೆ ಯಾರು ಹೇಳಿದ್ರು?" ಎಂದರು. ಎರಡೂ ಮಾತು ನಿಜವೇ.

ಮಳೆಗಾಲ ಮುಗಿದ ಮೇಲೆ ನಮ್ಮ ತಂಡದ ಇಬ್ಬರು ಆ ಬೆಟ್ಟಕ್ಕೆ ಹೋದಾಗ ಇನ್ನೊಂದು ಬಾವುಟ ಸಿಕ್ಕಿತು. ಯಾರೂ ಕಿತ್ತಿರಲಿಲ್ಲ, ಯಾರೂ ಒಯ್ದಿರಲಿಲ್ಲ. ಬಣ್ಣ ಮಾಸಿ ಪಾಚಿ ಹಿಡಿದಿತ್ತು. ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಈ ಬರಹ ಬರೆಯುತ್ತಿದ್ದೇವೆ. ಈ ಬಟ್ಟೆ ತುಂಡು ಎಲ್ಲಿಂದ ಬಂತು? ಇಂಥದ್ದನ್ನು ನೋಡಿ ನಮ್ಮ ಊರುಗಳು ಯಾಕೆ ಹೆದರುತ್ತವೆ? ಎರಡಕ್ಕೂ ಇತಿಹಾಸವಿದೆ.

ಸೈನಿಕರ ಪಾಠ, ಆಮೇಲೆ ಆಟ

ಈ ಆಟದ ಹೆಸರು ಓರಿಯಂಟಿಯರಿಂಗ್. ಹುಟ್ಟಿದ್ದು ಯುರೋಪಿನ ಉತ್ತರ ತುದಿಯ ಸ್ವೀಡನ್ ಮತ್ತು ನಾರ್ವೆ ದೇಶಗಳಲ್ಲಿ. ಅಲ್ಲಿ ಮೈಲಿಗಟ್ಟಲೆ ಕಾಡು, ನಡುನಡುವೆ ಕೆರೆ, ಬಂಡೆ, ಜೌಗು. ಚಳಿಗಾಲದಲ್ಲಿ ಎಲ್ಲವೂ ಹಿಮದ ಅಡಿ. ಅಂಥ ನೆಲದಲ್ಲಿ ದಾರಿ ತಪ್ಪದೆ ನಡೆಯುವುದು ಸೈನಿಕನಿಗೆ ಬೇಕೇ ಬೇಕಾದ ವಿದ್ಯೆ. 1886ರಲ್ಲಿ ಸ್ವೀಡನ್ನಿನ ಕಾರ್ಲ್‌ಬರ್ಗ್ ಸೈನಿಕ ಅಕಾಡೆಮಿಯಲ್ಲಿ, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ಅಪರಿಚಿತ ನೆಲ ದಾಟುವ ಕಲೆಗೆ ಈ ಹೆಸರು ಮೊದಲು ಬಳಕೆಗೆ ಬಂತು.

ಆ ಪದದ ಬೇರು ಸೊಗಸಾಗಿದೆ. ಲ್ಯಾಟಿನ್‌ನಲ್ಲಿ ಓರಿಯನ್ಸ್ ಎಂದರೆ ಮೂಡುವುದು, ಅಂದರೆ ಸೂರ್ಯ ಮೂಡುವ ದಿಕ್ಕು. ನಾವೂ ಹಾಗೇ ಅಲ್ಲವೇ? ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಮೂಡಣ ಯಾವುದು ಎಂದು ಗೊತ್ತಾದರೆ ಉಳಿದ ಮೂರು ದಿಕ್ಕು ತಾವಾಗಿಯೇ ಗೊತ್ತಾಗುತ್ತವೆ. ಅದೇ ಈ ಆಟದ ಮೊದಲ ಪಾಠ.

ಸೈನಿಕರಲ್ಲದ ಜನರಿಗಾಗಿ ನಡೆದ ಮೊದಲ ಸ್ಪರ್ಧೆ ಎಂದು ಸಾಮಾನ್ಯವಾಗಿ ಹೇಳುವುದು 1897ರ ಅಕ್ಟೋಬರ್ 31ರಂದು ನಾರ್ವೆಯ ರಾಜಧಾನಿ ಓಸ್ಲೊ ಬಳಿ ನಡೆದದ್ದನ್ನು. ಆಗ ಆ ಪಟ್ಟಣಕ್ಕೆ ಕ್ರಿಸ್ಟಿಯಾನಿಯಾ ಎಂದು ಹೆಸರು. ಓಡಿದವರು ಎಂಟೇ ಜನ. ಮುಟ್ಟಬೇಕಾದ ಜಾಗಗಳು ಮೂರು.

ಆಟ ಜನರದ್ದಾದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಸ್ವೀಡನ್ನಿನ ಮೇಜರ್ ಅರ್ನ್ಸ್ಟ್ ಕಿಲಾಂಡರ್ ಸ್ಕೌಟ್ ನಾಯಕರೂ ಆಗಿದ್ದರು. ಹುಡುಗರು ಓಟದ ಮೈದಾನಕ್ಕೆ ಬರುವುದು ಕಡಿಮೆಯಾಗಿದೆ ಎಂಬ ಚಿಂತೆ ಅವರಿಗೆ. ಮೈದಾನದಲ್ಲಿ ಸುತ್ತು ಹೊಡೆಯಲು ಬೇಸರವಾದರೆ ಕಾಡಿಗೇ ಓಟವನ್ನು ಒಯ್ಯೋಣ ಎಂದುಕೊಂಡರು. 1919ರ ಮಾರ್ಚ್ 25ರಂದು ಸ್ಟಾಕ್‌ಹೋಮ್ ಬಳಿ ಅವರು ನಡೆಸಿದ ಸ್ಪರ್ಧೆಗೆ 200ಕ್ಕೂ ಹೆಚ್ಚು ಜನ ಬಂದರು. ಅವರನ್ನು ಈ ಆಟದ ಪಿತಾಮಹ ಎನ್ನುತ್ತಾರೆ.

ಆಗಿನ ನಕ್ಷೆಗಳು ಒರಟು. ಬಂಡೆ, ಕಾಲುದಾರಿ, ಸಣ್ಣ ಹಳ್ಳ ಯಾವುದೂ ಅದರಲ್ಲಿ ಇರುತ್ತಿರಲಿಲ್ಲ. ಹಾಗಾಗಿ ಗುರುತುಗಳನ್ನು ಸುಲಭವಾಗಿ ಕಾಣುವ ಜಾಗದಲ್ಲೇ ಇಡಬೇಕಿತ್ತು. ದಿಕ್ಸೂಚಿಯೂ ನಿಧಾನ. ಓಡುತ್ತ ನೋಡಿದರೆ ಮುಳ್ಳು ಕುಣಿಯುತ್ತಿತ್ತು. 1930ರ ದಶಕದಲ್ಲಿ ಸ್ವೀಡನ್ನಿನ ಶೆಲ್‌ಸ್ಟ್ರೋಮ್ ಸಹೋದರರು ಮತ್ತು ಗುನ್ನಾರ್ ಟಿಲಾಂಡರ್ ಸೇರಿ ದಿಕ್ಸೂಚಿಯನ್ನೂ ಕೋನ ಅಳೆಯುವ ಪಟ್ಟಿಯನ್ನೂ ಒಂದೇ ಪಾರದರ್ಶಕ ಹಲಗೆಯ ಮೇಲೆ ಕೂಡಿಸಿದರು. ಮುಳ್ಳಿನ ಡಬ್ಬಿಗೆ ದ್ರವ ತುಂಬಿದ್ದರಿಂದ ಮುಳ್ಳು ಬೇಗ ನಿಲ್ಲುವಂತಾಯಿತು. ನಕ್ಷೆಯ ಮೇಲೆ ಇಟ್ಟು ತಿರುಗಿಸಿದರೆ ಸಾಕು, ಹೋಗಬೇಕಾದ ದಿಕ್ಕು ಸಿಗುತ್ತದೆ. ಇಂದು ಎನ್‌ಸಿಸಿ, ಸ್ಕೌಟ್ ಮಕ್ಕಳ ಕೈಯಲ್ಲಿ ಕಾಣುವ ಪ್ಲಾಸ್ಟಿಕ್ ದಿಕ್ಸೂಚಿ ಇದರದೇ ಸಂತತಿ.

1961ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹತ್ತು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. 1966ರಲ್ಲಿ ಫಿನ್‌ಲೆಂಡ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಆಟ ದೇಶ ದಾಟಿದ ಮೇಲೆ ಗುರುತು ಎಲ್ಲ ಕಡೆ ಒಂದೇ ರೀತಿ ಇರಬೇಕಾಯಿತು. ಈಗ ನಮ್ಮ ಮೇಜಿನ ಮೇಲೆ ಇರುವುದು ಆ ಗುರುತೇ.

ಬಾವುಟದ ಭಾಷೆ

ಅಳೆದು ನೋಡಿದೆವು. ಪ್ರತಿ ಮುಖ 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ನಿಯಮ ಹೇಳುವುದೂ ಇಷ್ಟೇ. ಮೂರು ಮುಖ ಯಾಕೆಂದರೆ ಯಾವ ದಿಕ್ಕಿನಿಂದ ಬಂದರೂ ಕಾಣಬೇಕು. ಮೊದಲು ಕೆಂಪು ಬಿಳಿ ಇತ್ತು, ಆಮೇಲೆ ಕಿತ್ತಳೆ ಬಿಳಿ ಆಯಿತು. ಹಸಿರು ಕಾಡಿನಲ್ಲಿ ಕಿತ್ತಳೆ ಎದ್ದು ಕಾಣುತ್ತದೆ.

ಅಂಕಿಯ ಗುಟ್ಟೂ ಇದೆ. ಊರಿನವರು 47, 52 ನೋಡಿ "ಅಷ್ಟೊಂದು ಕಲ್ಲು ನೆಟ್ಟಿದಾರಾ?" ಎಂದು ಗಾಬರಿಯಾಗಿದ್ದರು. ಆದರೆ ಈ ಆಟದಲ್ಲಿ ಗುರುತಿನ ಸಂಖ್ಯೆ 31ರಿಂದ ಶುರುವಾಗುತ್ತದೆ. ಒಂದು, ಎರಡು, ಮೂರು ಎಂದು ಬರೆದರೆ ಓಟಗಾರರು ಅದನ್ನು ಮುಟ್ಟಬೇಕಾದ ಕ್ರಮ ಎಂದು ತಪ್ಪು ತಿಳಿಯಬಹುದು. 66, 68, 86, 99 ಇಂಥ ಅಂಕಿಗಳನ್ನು ಬಳಸುವುದಿಲ್ಲ. ತಲೆಕೆಳಗಾದರೆ ಬೇರೆಯೇ ಸಂಖ್ಯೆಯಾಗಿ ಕಾಣುತ್ತವೆ.

ಆ ಸೂಜಿ ಚಿಮಟ? ಓಟಗಾರನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಬಾವುಟ ಮುಟ್ಟಿದ ಮೇಲೆ ಚಿಮಟದಿಂದ ಚೀಟಿಗೆ ತೂತು ಹಾಕಬೇಕು. ಒಂದೊಂದು ಚಿಮಟದ ಸೂಜಿಗಳ ವಿನ್ಯಾಸವೂ ಬೇರೆ. ಹಾಗಾಗಿ ಮನೆಯಲ್ಲಿ ಕೂತು ಸುಳ್ಳು ತೂತು ಹಾಕಲು ಬರುವುದಿಲ್ಲ. ಹಳೆಯ ಬಸ್ ಕಂಡಕ್ಟರ್ ಟಿಕೆಟಿಗೆ ತೂತು ಹಾಕುತ್ತಿದ್ದದ್ದು ನೆನಪಿರುವವರಿಗೆ ಇದು ಹೊಸದೇನಲ್ಲ. 1990ರ ದಶಕದಿಂದ ದೊಡ್ಡ ಸ್ಪರ್ಧೆಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ ಬಂದಿದೆ. ಬೆರಳಿನ ಚಿಪ್ಪನ್ನು ಡಬ್ಬಿಗೆ ತಾಗಿಸಿದರೆ ಸಮಯ ದಾಖಲಾಗುತ್ತದೆ.

ನಕ್ಷೆಗೂ ತನ್ನದೇ ಬಣ್ಣಗಳು. ನಾವು ಕಾಡೆಂದರೆ ಹಸಿರು ಎಂದುಕೊಳ್ಳುತ್ತೇವೆ. ಈ ನಕ್ಷೆಯಲ್ಲಿ ಸಲೀಸಾಗಿ ಓಡಬಹುದಾದ ಕಾಡಿಗೆ ಬಿಳಿ ಬಣ್ಣ. ಹಸಿರು ಗಾಢವಾದಷ್ಟೂ ಪೊದೆ ದಟ್ಟ, ಓಟ ಕಷ್ಟ ಎಂದರ್ಥ. ಹಳದಿ ಬಯಲು, ನೀಲಿ ನೀರು, ಕಂದು ಗೆರೆಗಳು ಏರಿಳಿತ. ಜನ ವಾಸಿಸುವ ಮನೆಯಂಗಳಕ್ಕೆ ಬೇರೆಯೇ ಒಂದು ಹಸಿರು. ಅಲ್ಲಿ ಕಾಲಿಡಬಾರದು. ಬೆಳೆ ಇರುವ ಹೊಲವನ್ನೂ ಹೊಕ್ಕಬಾರದು. ಹೊಕ್ಕವರನ್ನು ಸ್ಪರ್ಧೆಯಿಂದ ಹೊರಗೆ ಹಾಕಬಹುದು.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಸ್ವೀಡನ್, ನಾರ್ವೆಗಳಲ್ಲಿ ಕಾಡಿನ ಬಹುಭಾಗ ಖಾಸಗಿಯವರದ್ದಾದರೂ ಯಾರು ಬೇಕಾದರೂ ಅದರಲ್ಲಿ ನಡೆಯಬಹುದು, ಹಣ್ಣು ಅಣಬೆ ಆಯ್ದುಕೊಳ್ಳಬಹುದು. ಅದು ಅಲ್ಲಿಯ ಹಳೆಯ ರೂಢಿ. ನಾರ್ವೆ 1957ರಲ್ಲಿ ಅದನ್ನು ಕಾಯ್ದೆ ಮಾಡಿತು. ಸ್ವೀಡನ್ 1994ರಲ್ಲಿ ಸಂವಿಧಾನಕ್ಕೇ ಸೇರಿಸಿತು. ಆದರೆ ರೂಢಿಗೆ ಇನ್ನೊಂದು ಮಗ್ಗುಲೂ ಇದೆ: ಬೆಳೆ ತುಳಿಯಬಾರದು, ಮನೆಯ ಹತ್ತಿರ ಹೋಗಿ ತೊಂದರೆ ಕೊಡಬಾರದು, ಕಸ ಬಿಡಬಾರದು. ಸಾವಿರಾರು ಜನ ಸೇರುವ ಸ್ಪರ್ಧೆಗೆ ಮುಂಚೆ ನೆಲದ ಒಡೆಯರ ಜೊತೆಗೂ ಬೇಟೆಗಾರರ ಜೊತೆಗೂ ಮಾತಾಡುತ್ತಾರೆ. ಕಾಡುಪ್ರಾಣಿ ಮರಿ ಹಾಕುವ ಕಾಲದಲ್ಲಿ ಅಂಥ ಜಾಗಗಳನ್ನು ಬಿಡುತ್ತಾರೆ. ಓಟ ಮುಗಿದ ಕೂಡಲೇ ಸ್ವಯಂಸೇವಕರು ಹೋಗಿ ಬಾವುಟಗಳನ್ನು ಎಣಿಸಿ ವಾಪಸ್ ತರುತ್ತಾರೆ.

ಆ ಎಣಿಕೆಯೇ ನಮ್ಮ ಬೆಟ್ಟದಲ್ಲಿ ತಪ್ಪಿದ್ದು. ಬಾವುಟ ಬಂತು, ಅದರ ಜೊತೆ ಬರಬೇಕಾದ ನಡವಳಿಕೆ ಬರಲಿಲ್ಲ.

ನಕ್ಷೆ ನಮ್ಮ ಕೈಗೆ ತಡವಾಗಿ ಬಂತು

ಇಷ್ಟು ಹಳೆಯ ಆಟ ನಮ್ಮ ಹಳ್ಳಿಗಳಿಗೆ ಯಾಕೆ ಗೊತ್ತಿಲ್ಲ? ಒಂದು ಕಾರಣ ನಕ್ಷೆ. ಒಳ್ಳೆಯ ನಕ್ಷೆ ಇಲ್ಲದೆ ಈ ಆಟವಿಲ್ಲ. ನಮ್ಮಲ್ಲಿ ಸರ್ವೆ ಆಫ್ ಇಂಡಿಯಾದ ವಿವರವಾದ ನಕ್ಷೆಗಳು ಬಹುಕಾಲ ಸಾಮಾನ್ಯರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ. ದೇಶದ ರಕ್ಷಣೆಯ ಮಾತು. 2005ರ ರಾಷ್ಟ್ರೀಯ ನಕ್ಷೆ ನೀತಿ ರಕ್ಷಣಾ ನಕ್ಷೆಗಳನ್ನೂ ಜನರಿಗೆ ಕೊಡುವ ನಕ್ಷೆಗಳನ್ನೂ ಬೇರೆ ಮಾಡಿತು. 2021ರ ಫೆಬ್ರವರಿಯಲ್ಲಿ ನಿಯಮಗಳು ಇನ್ನಷ್ಟು ಸಡಿಲವಾದವು. ಅಲ್ಲಿಯವರೆಗೆ ನಕ್ಷೆ ಓದುವ ವಿದ್ಯೆ ಹೆಚ್ಚಾಗಿ ಸೈನ್ಯದಲ್ಲೂ ಎನ್‌ಸಿಸಿ ಕ್ಯಾಂಪಿನಲ್ಲೂ ಉಳಿಯಿತು.

ಹಾಗೆಂದು ನಮ್ಮ ನೆಲಕ್ಕೂ ಈ ವಿದ್ಯೆಗೂ ನಂಟಿಲ್ಲ ಎನ್ನುವಂತಿಲ್ಲ. 1799ರ ಏಪ್ರಿಲ್. ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಲು ಬಂದಿದೆ. ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ತೋಪೊಂದನ್ನು ಶೋಧಿಸಿ ಹಿಂದಿರುಗುವಾಗ ಕತ್ತಲಲ್ಲಿ ದಿಕ್ಕು ತಪ್ಪಿತು. ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ, ನಾವು ನಮ್ಮ ಬಿಡಾರದ ಕಡೆಗಲ್ಲ, ಟಿಪ್ಪುವಿನ ಸೈನ್ಯದ ಕಡೆಗೆ ಹೋಗುತ್ತಿದ್ದೇವೆ ಎಂದ. ಬೇರ್ಡ್ ನಂಬಲಿಲ್ಲ. ಕೊನೆಗೆ ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ಸರಿಯಾಗಿತ್ತು.

ಟಿಪ್ಪು ಮಡಿದು ಮೈಸೂರು ಸೋತ ಮೇಲೆ ಅದೇ ಲ್ಯಾಂಬ್ಟನ್ ಈ ನೆಲವನ್ನು ಅಳೆಯಲು ಹೊರಟ. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಾಸಿ ಒಂದು ನೇರ ಗೆರೆ ಅಳೆದ. 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ದೊಡ್ಡ ಅಳತೆ ಶುರುವಾಯಿತು. ಅದೇ ಮಹಾ ತ್ರಿಕೋನಮಿತಿ ಸರ್ವೆ. ಅರ್ಧ ಟನ್ ತೂಕದ ಕೋನಮಾಪಕ ಯಂತ್ರವನ್ನು ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ ಸಾಗಿದರು. ಬೆಟ್ಟದ ತುದಿಯಲ್ಲಿ ಬಾವುಟ ನೆಟ್ಟು, ಇನ್ನೊಂದು ಬೆಟ್ಟದಿಂದ ದುರ್ಬೀನಿನಲ್ಲಿ ಅದನ್ನು ನೋಡಿ ಕೋನ ಅಳೆಯುತ್ತಿದ್ದರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಯಂತ್ರವೇ ಜಜ್ಜಿಹೋಯಿತು.

ಅಂದಿನ ಹಳ್ಳಿಗಳೂ ಆ ಬಾವುಟಗಳನ್ನು ಅನುಮಾನದಿಂದಲೇ ನೋಡಿದವು. ದುರ್ಬೀನು ಹೆಂಗಸರನ್ನು ಇಣುಕಿ ನೋಡಲಿಕ್ಕೆ ಇದೆ ಎಂಬ ಮಾತು ಹಲವು ಕಡೆ ಹಬ್ಬಿತ್ತು. ನಗು ಬರಬಹುದು. ಆದರೆ ಮೂಲ ಅನುಮಾನ ಸುಳ್ಳಾಗಿರಲಿಲ್ಲ. ಅಳತೆಯ ಹಿಂದೆ ಕಂಪನಿಯ ಆಡಳಿತ ಬಂತು. ಮೈಸೂರು ಸೀಮೆಯಲ್ಲಿ 1863ರಿಂದ ಕಂದಾಯ ಸರ್ವೆ ನಡೆದು ಹೊಲಹೊಲಕ್ಕೆ ನಂಬರು ಬಿತ್ತು. ಇಂದಿಗೂ ನಾವು ಹೇಳುವ ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ನಲವತ್ತು ಗುಂಟೆಗೆ ಒಂದು ಎಕರೆ. ಅಂದು ಎಳೆದ ಸರಪಳಿ ನಮ್ಮ ಮಾತಿನಲ್ಲಿ ಉಳಿದಿದೆ.

ಅದಕ್ಕೂ ಹಿಂದಿನ ಗುರುತುಗಳೂ ನಮ್ಮಲ್ಲಿವೆ. ಹೊಲದ ಬದುವಿನಲ್ಲಿ ಲಿಂಗಮುದ್ರೆ ಕಲ್ಲು, ವಾಮನ ಮುದ್ರೆ ಕಲ್ಲು ನೋಡಿರುತ್ತೀರಿ. ಇದು ದೇವರಿಗೋ ಮಠಕ್ಕೋ ಬ್ರಾಹ್ಮಣರಿಗೋ ಬಿಟ್ಟ ಭೂಮಿ ಎಂದು ಸಾರುವ ಗಡಿಕಲ್ಲುಗಳು ಅವು. ದಾನಶಾಸನಗಳ ಕೊನೆಗೆ ಶಾಪವೂ ಇರುತ್ತದೆ: ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಬರಲಿ ಎಂದು. ಈಗ ಶಾಪದ ಜಾಗದಲ್ಲಿ ಕಂದಾಯ ಕಾಯ್ದೆ ಇದೆ. ಬಾಂದುಕಲ್ಲು ಕಿತ್ತವರಿಗೆ ದಂಡ. ಹದ್ದುಬಸ್ತಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿಗೆ ಒಂದು ಕಲ್ಲಿನ ಬೆಲೆ ಏನೆಂದು ನಾವು ಹೇಳಬೇಕಾಗಿಲ್ಲ.

ಬಣ್ಣ ಕಂಡರೆ ಯಾಕೆ ಭಯ?

ಆ ಊರಿನ ಅಜ್ಜರೊಬ್ಬರ ಜಗಲಿಯಲ್ಲಿ ಕೂತು ನಾವು ಕೇಳಿದೆವು: "ಅಜ್ಜ, ಒಂದು ಬಟ್ಟೆ ತುಂಡಿಗೆ ಊರೇ ಯಾಕೆ ಹೆದರ್ತು?"

ಅವರು ಕವಳ ತುಪ್ಪಿ ಬಂದು ಹೇಳಿದರು. "ನೀವು ಹುಡುಗರು. ನಿಮಗೆ ಅದು ಬಟ್ಟೆ. ನಾನು ಏಳು ವರ್ಷದವ ಇದ್ದಾಗ ನಮ್ಮ ಗದ್ದೆ ಅಂಚಲ್ಲಿ ಯಾರೋ ಬಂದು ಕಲ್ಲು ನೆಟ್ಟು ಬಣ್ಣ ಬಳಿದು ಹೋದ್ರು. ಅಪ್ಪ ಕೇಳಿದ್ದಕ್ಕೆ ನೀರು ಇಲ್ಲಿವರೆಗೆ ಬರ್ತದೆ ಅಂದ್ರು. ಅಪ್ಪ ನಗಾಡಿದ್ರು, ಹೊಳೆ ಎಲ್ಲಿ, ಗದ್ದೆ ಎಲ್ಲಿ ಅಂತ. ನೀರು ಬಂತು."

ಅವರ ಮನೆತನ ಶರಾವತಿ ಮುಳುಗಡೆಯಲ್ಲಿ ಎದ್ದು ಬಂದದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆ ಬೆಳಕು ಬಂತು. ಎಬ್ಬಿಸಲ್ಪಟ್ಟವರು ಕಾಡಂಚಿನಲ್ಲಿ ಹೊಸದಾಗಿ ಗುಡಿಸಲು ಹಾಕಿ, ಗದ್ದೆ ತಿದ್ದಿ, ತೋಟ ಎಬ್ಬಿಸಿದರು. ಅರವತ್ತು ವರ್ಷ ಕಳೆದರೂ ಹಕ್ಕುಪತ್ರ ಕೈಗೆ ಬಾರದ ಮುಳುಗಡೆ ಕುಟುಂಬಗಳು ಇಂದಿಗೂ ಇವೆ. ಅಂಥವರಿಗೆ ಕಾಡಿನಲ್ಲಿ ಅಪರಿಚಿತ ಗುರುತು ಕಂಡರೆ ಆಟ ಎಂದು ಹೊಳೆಯುವುದು ಹೇಗೆ? ಅವರು ನೋಡಿದ ಗುರುತುಗಳಲ್ಲಿ ಒಂದೂ ಆಟಕ್ಕೆ ನೆಟ್ಟದ್ದಲ್ಲ.

ಓಡಲು ಬಂದ ಆ ನಗರದ ಮಕ್ಕಳಿಗೂ ಇದು ಗೊತ್ತಿರಲಿಲ್ಲ. ಅವರ ನಕ್ಷೆಯಲ್ಲಿ ಆ ಬೆಟ್ಟ ಬಿಳಿ ಮತ್ತು ಹಸಿರು. ಊರು ನಾಲ್ಕು ಕಪ್ಪು ಚೌಕ. ಆ ಚೌಕದೊಳಗಿನವರು ಎಲ್ಲಿಂದ ಬಂದರು ಎಂದು ಬರೆಯಲು ನಕ್ಷೆಯಲ್ಲಿ ಯಾವ ಬಣ್ಣವೂ ಇಲ್ಲ.

ಇನ್ನು ಮುಂದೆ ಸಿಕ್ಕರೆ

ಇಂಥ ವಸ್ತುಗಳು ಇನ್ನೂ ಬರುತ್ತವೆ. 1980ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಬೆಳೆದ ಸಾಹಸ ಓಟಗಳು ಈಗ ಎಲ್ಲ ಕಡೆ ಇವೆ. ಓಟ, ಸೈಕಲ್, ದೋಣಿ ಎಲ್ಲ ಸೇರಿಸಿ ಬೆಟ್ಟ ಕಣಿವೆ ಸುತ್ತುವುದು. ಅವುಗಳಿಗೂ ಕಾಡಿನಲ್ಲಿ ಗುರುತು ಬೇಕು. 2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್‌ನ ನಿಖರತೆಯನ್ನು ಎಲ್ಲರಿಗೂ ತೆರೆದ ಮರುದಿನಗಳಲ್ಲೇ ಒಬ್ಬರು ಕಾಡಿನಲ್ಲಿ ಡಬ್ಬಿ ಬಚ್ಚಿಟ್ಟು ಅದರ ಜಾಗ ಹುಡುಕಿ ಎಂದರು. ಆ ಆಟವೂ ಲೋಕವೆಲ್ಲ ಹಬ್ಬಿದೆ. ಹಾಗಾಗಿ ದನ ಅಟ್ಟಿಕೊಂಡು ಹೋದಾಗಲೋ ಜೇನು ಹುಡುಕುವಾಗಲೋ ನಿಮಗೂ ಇಂಥದ್ದು ಸಿಗಬಹುದು.

ಸಿಕ್ಕರೆ ಕೀಳಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಅಂಕಿ ಕಾಣುವ ಹಾಗೆ. ಮೂರು ಮುಖದ ಕಿತ್ತಳೆ ಬಿಳಿ ಬಟ್ಟೆ, 31ರ ಮೇಲಿನ ಸಂಖ್ಯೆ, ಸೂಜಿ ಚಿಮಟ ಅಥವಾ ಸಣ್ಣ ಡಬ್ಬಿ ಇದ್ದರೆ ಅದು ಬಹುಮಟ್ಟಿಗೆ ಆಟದ ಗುರುತು. ಪಂಚಾಯಿತಿಗೂ ಅರಣ್ಯ ಇಲಾಖೆಯ ಗಾರ್ಡಿಗೂ ತೋರಿಸಿ ಕೇಳಿ. ನೀವು ಕಿತ್ತ ಒಂದು ಬಾವುಟ ಯಾರದೋ ಮಗಳನ್ನು ಕತ್ತಲಲ್ಲಿ ನಿಲ್ಲಿಸಬಹುದು.

ಕಲ್ಲು ನೆಟ್ಟಿದ್ದರೆ, ಬಂಡೆಗೆ ಬಣ್ಣ ಬಳಿದು ಬಾಣದ ಗುರುತು ಹಾಕಿದ್ದರೆ, ಅದು ಆಟವಲ್ಲ. ಆಗಲೂ ಕೀಳಬೇಡಿ. ಕಿತ್ತರೆ ನಿಮ್ಮ ಮೇಲೆ ಕೇಸು, ಅಳತೆಯೇನೂ ನಿಲ್ಲುವುದಿಲ್ಲ. ಯಾವ ಇಲಾಖೆ, ಯಾವ ಯೋಜನೆ ಎಂದು ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕು ಅರ್ಜಿ ಹಾಕಿ. ಗ್ರಾಮಸಭೆಯಲ್ಲಿ ಎತ್ತಿ.

ಆಟ ನಡೆಸುವವರಿಗೂ ನಮ್ಮದೊಂದು ಮಾತು. ಕಚೇರಿಯಲ್ಲಿ ಪಡೆದ ಅನುಮತಿ ಊರಿಗೆ ತಿಳಿಯುವುದಿಲ್ಲ. ಒಂದು ದಿನ ಮುಂಚೆ ಬಂದು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಹೇಳಿ. ಬಾವುಟದ ಮೇಲೆ ಕನ್ನಡದಲ್ಲಿ ಎರಡು ಸಾಲು, ದಿನಾಂಕ, ಫೋನ್ ನಂಬರು ಬರೆಯಿರಿ. ಕಟ್ಟಲು, ಬಿಚ್ಚಲು ಊರಿನ ಹುಡುಗರನ್ನೇ ಕೂಲಿಗೆ ಕರೆಯಿರಿ. ಅವರಿಗೆ ಆ ಬೆಟ್ಟದ ಒಂದೊಂದು ಹಳ್ಳವೂ ನಕ್ಷೆಯಿಲ್ಲದೆ ಗೊತ್ತು. ಎಷ್ಟು ಕಟ್ಟಿದಿರೋ ಅಷ್ಟನ್ನು ಎಣಿಸಿ ಒಯ್ಯಿರಿ. ಬಿಟ್ಟುಹೋದ ಪ್ಲಾಸ್ಟಿಕ್ ದನದ ಹೊಟ್ಟೆಗೂ ಕಾಡುಕೋಣದ ಹೊಟ್ಟೆಗೂ ಹೋಗುತ್ತದೆ.

ಕಿತ್ತ ಬಾವುಟಗಳು ಏನಾದವು ಎಂದು ಕೇಳಿದೆವು. ಆ ರಾತ್ರಿಯೇ ನಡೆಸಿದವರಿಗೆ ವಾಪಸ್ ಕೊಟ್ಟರಂತೆ. ಒಂದು ಮಾತ್ರ ಉಳಿದಿದೆ. ಅಜ್ಜರ ಮೊಮ್ಮಗ ಅದನ್ನು ಶಾಲೆಗೆ ಒಯ್ದು ಮೇಷ್ಟ್ರಿಗೆ ಕೊಟ್ಟಿದ್ದಾನೆ. ಮೇಷ್ಟ್ರು ಎನ್‌ಸಿಸಿಯಲ್ಲಿ ಇದ್ದವರು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳ ಕೈಯಲ್ಲಿ ಶಾಲೆಯ ಸುತ್ತಲಿನ ನಕ್ಷೆ ಬರೆಸಿ, ಬಾವುಟವನ್ನು ಎಲ್ಲೋ ಕಟ್ಟಿ, ಹುಡುಕಿ ಎನ್ನುತ್ತಾರೆ. ನಮ್ಮ ಹತ್ತಿರ ಇರುವ ಮಾಸಿದ ಬಾವುಟವನ್ನೂ ಅವರಿಗೇ ಕೊಡಲಿದ್ದೇವೆ. ಎರಡಾದರೆ ಆಟ ಇನ್ನಷ್ಟು ಚೆನ್ನಾಗಿರುತ್ತದೆ ಎಂದಿದ್ದಾರೆ.